ಎಲೆಯ ಬೆನ್ನು ಬಿಳಿ

ಬಿಳಿ, ಏನೋ ಬಿಳಿ, ಆ ತುದಿಯ ಕೊಂಬೆಯಲ್ಲಿ — ಅಲ್ಲ, ಎಲೆಯ ಬೆನ್ನು ಅಷ್ಟೆ, ಗಾಳಿಗೆ ಮಗುಚಿಕೊಂಡಿದೆ, ಈ ಮರದ ಎಲೆಗೆ ಮುಖ ಹಸಿರು ಬೆನ್ನು ಬಿಳಿ, ಎಷ್ಟು ಸಲ ಏಮಾರಿದ್ದೇವೆ ನಾನೂ ಅಕ್ಕನೂ, ಏ ಗಿಣಿ ಬಾರೇ ಬೇಗ ಹೂ ಬಿಟ್ಟಿದೆ, ಎಲ್ಲೇ, ಅಗೋ ಅಲ್ಲಿ, ಅದು ಎಲೆ ಕಣೇ ಅಕ್ಕಾ, ಹೌದಲ್ವಾ ಎಲೇನೇ, ಅಂದು ಅವಳು ಹುಬ್ಬಿನ ಮೇಲಿಟ್ಟ ಅಂಗೈ ಇಳಿಸುತ್ತಿದ್ದಳು, ನಾನು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಒಳಗೆ ಹೋಗುತ್ತಿದ್ದೆ, ಇನ್ನು ಏಮಾರುವ ಪ್ರಮೇಯವಿಲ್ಲ, ಮಧ್ಯಾಹ್ನದ ಹೊತ್ತಿಗೆ ಮರವೇ ಇರುವುದಿಲ್ಲ, ಮರ ಇದ್ದ ಜಾಗದಲ್ಲಿ ನನ್ನ ಕೋಣೆ ಬರುತ್ತದೆ, ನನ್ನ ದನಿಯ ಕೋಣೆ, ನಾಲ್ಕೂ ಗೋಡೆಗೆ ಸ್ಪಂಜು ಬಡಿದು, ಹೊರಗಿನ ಸದ್ದು ಒಳಗೆ ಬಾರದಂತೆ ಒಳಗಿನ ಸದ್ದು ಹೊರಗೆ ಹೋಗದಂತೆ, ಅದರಲ್ಲಿ ಕೂತು ನಾನು ಬಾತುಕೋಳಿಯಾಗಬೇಕು, ಅಜ್ಜಿಯಾಗಬೇಕು, ಲಿಫ್ಟಾಗಬೇಕು, ಬಾಗಿಲು ಮುಚ್ಚುತ್ತಿದೆ ದಯವಿಟ್ಟು ದೂರ ನಿಲ್ಲಿ, ಊರಿನ ಅರ್ಧ ಲಿಫ್ಟುಗಳಲ್ಲಿ ಇರುವುದು ನಾನೇ, ಗುರುತು ಪರಿಚಯವಿಲ್ಲದ ಜನ ನನ್ನ ಮಾತು ಕೇಳಿ ದೂರ ನಿಲ್ಲುತ್ತಾರೆ — ಹಗ್ಗ ಬಿಗಿ ಇರಲಿ ಮೇಡಂ, ಕೆಳಗಿನಿಂದ ಮರ ಕಡಿಯುವವನ ಕೂಗು, ಬಿಗಿಯಾಗೇ ಇದೆಯಪ್ಪಾ, ಅಂಗೈ ಸುಡುತ್ತಿದೆ, ಇವನಿಗೆ ಬೆಳಿಗ್ಗೆ ಬಂದ ಕೂಡಲೇ ಗರಗಸಪ್ಪ ಎಂದು ಹೆಸರಿಟ್ಟೆ, ದನಿಯೂ ಹಾಗೇ ಇದೆ, ಹೋಗುತ್ತಾ ಒಂದು ಕೊಯ್ತ ಬರುತ್ತಾ ಒಂದು ಕೊಯ್ತ, ಅವನ ಹಿಂದೆಯೇ ನಿಂತು ಅವನ ಹಾಗೆ ಮಾತಾಡಿ ತೋರಿಸಿದೆ, ಅಕ್ಕ ನಗಲಿಲ್ಲ, ಯಾವತ್ತೂ ನಗುವವಳು. ಅವನು ಏಣಿ ಇಟ್ಟು ಎಲೆಗಳು ಶುರುವಾಗುವುದಕ್ಕೂ ಕೆಳಗಿನ ಕವಲಿಗೇ ಎರಡು ಹಗ್ಗ ಕಟ್ಟಿದ, ಒಂದು ಅಂಗಳದಲ್ಲಿರುವ ಅವನ ಭಾವಮೈದುನನ ಕೈಗೆ, ಎಳೆಯುವುದಕ್ಕೆ, ಇನ್ನೊಂದನ್ನು ಈ ಪಕ್ಕದ ಮನೆಯ ತಾರಸಿಗೆ ಎಸೆದ, ಕಂಬಿಗೆ ಒಂದು ಸುತ್ತು ಹಾಕಿ ಹಿಡ್ಕೊಂಡಿರಿ ಮೇಡಂ, ಮರದ ತಲೆ ತಿರುಗಿ ಅವರ ನೀರಿನ ಟ್ಯಾಂಕಿಗೆ ಬಡೀದ ಹಾಗೆ, ನಾನು ಬಿಡಿ ಅಂದಾಗ ಬಿಟ್ಟುಬಿಡಿ, ಅಷ್ಟೇ ನಿಮ್ಮ ಕೆಲಸ. ಅಷ್ಟೇ ನನ್ನ ಕೆಲಸ, ಬಿಡಿ ಅಂದಾಗ ಬಿಡುವುದು. ಅಕ್ಕ ಕೆಳಗೆ ಕಾಂಪೌಂಡಿನ ಮೂಲೆಯಲ್ಲಿ ನಿಂತಿದ್ದಾಳೆ ಅಂತ ಗೊತ್ತು, ಕಾಣುವುದಿಲ್ಲ, ನಡುವೆ ಈ ಎಲೆಗಳು, ಒಂದೊಂದೂ ನನ್ನ ತೋಳಿನುದ್ದ, ಇಲ್ಲಿಂದ ನೋಡಿದರೆ ಇದು ಮರವಲ್ಲ, ಯಾರೋ ನಮ್ಮ ಅಂಗಳಕ್ಕೆ ಹಸಿರು ಚಾವಣಿ ಹೊದಿಸಿದ್ದಾರೆ, ಅದರಡಿಯಲ್ಲಿ ಯಂತ್ರದ ಗರಗಸ ಶುರುವಾಗಿದೆ, ಮೊದಲು ತೊಗಟೆಯ ಸದ್ದು, ಒಣ ಸದ್ದು, ಆಮೇಲೆ ಹಸಿಯ ಸದ್ದು, ಅದು ಬೇರೆ.

ತೋಳಿನುದ್ದ ಅಂದಿದ್ದು ನಾನಲ್ಲ, ಅಕ್ಕ, ಅವಳಿಗೆ ಎಲ್ಲವೂ ತೋಳು, ಕೊರಳು, ಕಂಕುಳು, ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಂದು ಕಾಗದ ಹಾಸಿಕೊಂಡು ಅಂಗಿಯ ಅಚ್ಚು ಕತ್ತರಿಸುವವಳು, ಅವಳು ಕತ್ತರಿಸಿದ ಕಾಗದದ ಮೇಲೆ ಸಾವಿರ ಅಂಗಿ ಹುಟ್ಟುತ್ತವೆ, ಅವಳು ಕೂದಲೆಳೆಯಷ್ಟು ತಪ್ಪಿದರೆ ಸಾವಿರ ಜನರ ಕಂಕುಳು ಹಿಡಿಯುತ್ತದೆ, ಹಾಗಾಗಿ ತಪ್ಪುವುದಿಲ್ಲ, ಮೊದಲ ಎಲೆ ಪೂರ್ತಿ ಬಿಚ್ಚಿಕೊಂಡ ದಿನ ಕೊರಳಲ್ಲಿದ್ದ ಅಳತೆ ಟೇಪು ಇಳಿಸಿ ಅಳೆದಳು, ನೋಡೇ ಗಿಣಿ, ಇದರಲ್ಲಿ ಒಂದು ಪೂರ್ತಿ ತೋಳು ಬರುತ್ತೆ, ಮಡಿಸಿ ಹೊಲಿಯೋಕೂ ಜಾಗ ಉಳಿಯುತ್ತೆ. ಗಿಣಿ ಅಂದರೆ ನಾನು, ಕಂಡವರ ದನಿ ತೆಗೆಯುವವಳೆಂದು ಚಿಕ್ಕಂದಿನಲ್ಲೇ ಅವಳು ಇಟ್ಟ ಹೆಸರು, ಅಮ್ಮ ಹೋದ ಮೇಲೆ ಅಮ್ಮನ ದನಿ ತೆಗೆದು ಅವಳನ್ನು ಊಟಕ್ಕೆ ಕರೆದಿದ್ದೆ ಒಂದು ಸಲ, ಬೈಯಲಿಲ್ಲ, ಬಂದು ಊಟ ಮಾಡಿದಳು. ನರ್ಸರಿಯವನು ಹೇಳಿಯೇ ಕೊಟ್ಟಿದ್ದ, ದೊಡ್ಡೆಲೆ ಮ್ಯಾಗ್ನೋಲಿಯಾ ಇದು, ಅವಸರದವರಿಗಲ್ಲಮ್ಮ, ಹೂ ಬಿಡೋಕೆ ವರ್ಷಗಟ್ಟಲೆ ತಗೊಳುತ್ತೆ, ಆದರೆ ಬಿಟ್ಟ ಹೂ ಊಟದ ತಟ್ಟೆ ಅಗಲ ಇರುತ್ತೆ, ಒಂದೇ ವಿಷಯ, ಒಮ್ಮೆ ನೆಟ್ಟ ಮೇಲೆ ಕೀಳಬೇಡಿ, ಇದರ ಬೇರು ಮೆತ್ತಗೆ, ಮುರಿದರೆ ಮುನಿಸಿಕೊಳ್ಳುತ್ತೆ. ನಾನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನ ಮೂಗಿನ ದನಿಯಲ್ಲಿ ಅದನ್ನೇ ಹೇಳಿದೆ, ಮುನಿಸಿಕೊಳ್ಳುತ್ತೆ ಮೇಡಂ ಮುನಿಸಿಕೊಳ್ಳುತ್ತೆ, ಅಕ್ಕ ಕುಂಡವನ್ನು ಮಡಿಲಲ್ಲಿಟ್ಟುಕೊಂಡು ನಗುತ್ತಾ ಕೂತಿದ್ದಳು, ಕಿಟಕಿಯ ಗಾಳಿ ತಾಗದ ಹಾಗೆ ಎಲೆಗಳ ಮೇಲೆ ಶಾಲು ಹೊದಿಸಿ, ಎದುರಿಗೆ ಕೂತ ಹೆಂಗಸು ಮಗು ಎಂದುಕೊಂಡು ತನ್ನ ಕಿಟಕಿಯನ್ನೂ ಮುಚ್ಚಿದಳು. ಎರಡು ಮನೆಯ ನಡುವಿನ ಮೂಲೆಯಲ್ಲೇ ನೆಟ್ಟಳು, ಅಲ್ಲಿ ಗಾಳಿ ನುಗ್ಗುವುದಿಲ್ಲ ಅಂತ, ಗುಂಡಿ ಆಳ ಬೇಡ ಅಗಲ ಇರಲಿ ಅಂತ, ಬುಡದಲ್ಲಿ ಯಾರೂ ಕೆದಕಬಾರದು, ಕಳೆಯನ್ನೂ ಕೈಯಲ್ಲೇ ಕೀಳಬೇಕು, ಉದುರಿದ ಎಲೆ ಅದರ ಬುಡಕ್ಕೇ, ಅದರ ಹೊದಿಕೆ ಅದಕ್ಕೇ, ಆದರೂ ಗಾಳಿಗೆ ಎಲೆ ಹರಿದವು, ಅಷ್ಟು ದೊಡ್ಡ ಎಲೆ, ಹರಿಯದೆ ಏನಾದೀತು, ಒಂದು ಸಂಜೆ ಕಾರ್ಖಾನೆಯಿಂದ ಬಂದವಳು ಸೂಜಿಗೆ ಹಸಿರು ದಾರ ಪೋಣಿಸಿಕೊಂಡು ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತಳು, ಎಲೆಗೆ ಹೊಲಿಗೆ ಹಾಕಿದಳು, ಕಾಣದ ಹಾಗೆ, ಒಳಹೊಲಿಗೆ, ಮೂರು ದಿನಕ್ಕೆ ಸೂಜಿ ಚುಚ್ಚಿದ ಕಡೆಯೆಲ್ಲ ಕಂದು ಚುಕ್ಕೆ, ಚುಕ್ಕೆಗಳು ಸೇರಿ ಗೆರೆ, ಗೆರೆಯ ಗುಂಟ ಎಲೆ ಮತ್ತೆ ಹರಿಯಿತು, ಅವಳಿಗೆ ಅಳುವಷ್ಟು ಬೇಜಾರು, ನನಗೆ ನಗು, ನಾನು ಡಾಕ್ಟರ ದನಿಯಲ್ಲಿ, ಆಪರೇಷನ್ ಚೆನ್ನಾಗೇ ಆಯ್ತು, ಎಲೆಯನ್ನು ಉಳಿಸಿಕೊಳ್ಳೋಕೆ ಆಗಲಿಲ್ಲ, ಹೋಗೇ ಸಾಕು ಅಂದಳು, ಅಂದು ನಕ್ಕಳು. ಈ ಮರಕ್ಕೆ ನಾನು ಇಟ್ಟ ಹೆಸರು ಎಲೆಲೆಲೇ, ನಾಟಕದ ಖಳನಾಯಕ ಮೀಸೆ ತಿರುವಿ ಕೂಗುತ್ತಾನಲ್ಲ, ಎಲೆಲೆಲೇ ಹೂವಿಲ್ಲದ ಮರವೇ, ಎಷ್ಟು ಧೈರ್ಯ ನಿನಗೆ, ಮನೆಗೆ ಬಂದವರ ಮುಂದೆಲ್ಲ ಕೂಗಿದ್ದೇನೆ, ಬಂದವರೆಲ್ಲ ನಕ್ಕಿದ್ದಾರೆ, ಅಕ್ಕನೂ ನಕ್ಕಿದ್ದಾಳೆ, ನಕ್ಕು ಮರುದಿನ ಬೆಳಿಗ್ಗೆ ಮತ್ತೆ ಅಂಗಳದಲ್ಲಿ, ಕತ್ತು ಹಿಂದಕ್ಕೆ ಚೆಲ್ಲಿ, ಹುಬ್ಬಿನ ಮೇಲೆ ಅಂಗೈ ಅಡ್ಡ ಇಟ್ಟು, ಬಾಯಿ ಸ್ವಲ್ಪ ತೆರೆದು.

ಆ ಭಂಗಿಯನ್ನೂ ನಾನು ಮಾಡಿ ತೋರಿಸಿದ್ದೇನೆ, ಯಾವುದನ್ನು ಬಿಟ್ಟಿದ್ದೇನೆ. ಇಲ್ಲಿ ನನ್ನ ಪಕ್ಕದಲ್ಲೇ ನಿಂತಿದ್ದಾಳಲ್ಲ ಈ ಮನೆಯಾಕೆ, ಇವಳನ್ನಂತೂ ಬಿಟ್ಟಿಲ್ಲ, ಅತ್ತರಮ್ಮ, ನಮ್ಮ ಮನೆಯೊಳಗಿನ ಹೆಸರು, ಎಲೆ ಬಿಚ್ಚಿಕೊಂಡು ಬಿಸಿಲು ಏರುವ ದಿನಗಳಲ್ಲಿ ಸಂಜೆಯಾದರೆ ಸಾಕು ಇವಳ ತಾರಸಿಯ ಕಡೆಯಿಂದ ಘಮ್ಮಂತ ಒಂದು ವಾಸನೆ ಇಳಿಯುತ್ತಿತ್ತು, ನಿಂಬೆಯ ಸಿಪ್ಪೆ ಚಿವುಟಿದ ಹಾಗೆ, ಅದರ ಹಿಂದೆ ಪೌಡರು ಡಬ್ಬಿ ತೆರೆದ ಹಾಗೆ, ನಾವಿಬ್ಬರೂ ಅಂಗಳದಲ್ಲಿ ಚಹಾ ಕುಡಿಯುತ್ತಾ ಮೂಗು ಏರಿಸುತ್ತಿದ್ದೆವು, ಶುರುವಾಯ್ತು ನೋಡೇ ಇವಳ ಸ್ನಾನ, ಬಾಟಲಿ ಬಗ್ಗಿಸ್ಕೊಂಡಿದಾಳೆ, ಯಾರ ಮದುವೆಗೋ, ಮದುವೆಗಲ್ಲ ಬಟ್ಟೆ ಒಣಹಾಕೋಕೆ, ಅತ್ತರೂ ಅತ್ತರೇ ನಕ್ಕರೂ ಅತ್ತರೇ ಇವಳದು, ಅಂತ ನಾನಂದರೆ ಅಕ್ಕನಿಗೆ ಚಹಾ ನೆತ್ತಿಗೆ ಹತ್ತುತ್ತಿತ್ತು. ಮಾತು ಬಿಟ್ಟು ಆಗಲೇ ಎಷ್ಟೋ ಕಾಲವಾಗಿತ್ತು, ನಮ್ಮ ಮರದ ಎಲೆಗಳು ಇವಳ ತಾರಸಿಯ ನೀರು ಹೋಗುವ ಕಂಡಿಗೆ ಮುಚ್ಚಳ ಹಾಕಿದ ಹಾಗೆ ಕೂತು, ನೀರು ನಿಂತು, ಇವಳ ಮಲಗುವ ಕೋಣೆಯ ಸೂರು ಸೋರಿ, ಒದ್ದೆ ಎಲೆಗಳನ್ನು ಹೊರೆ ಕಟ್ಟಿಕೊಂಡು ನಮ್ಮ ಬಾಗಿಲಿಗೆ ಬಂದಿದ್ದಳು, ನಿಮ್ಮ ಸಾಮಾನು ನಮ್ಮಲ್ಲಿ ಬಿದ್ದಿತ್ತು, ತಗೊಳ್ಳಿ, ಎಷ್ಟು ಮೆಲ್ಲಗೆ, ಒಂದೊಂದು ಮಾತನ್ನೂ ಇಸ್ತ್ರಿ ಮಾಡಿ ಮಡಿಸಿ ಇಟ್ಟ ಹಾಗೆ, ಅಕ್ಕ ಏನೋ ಸಮಾಧಾನ ಹೇಳಲು ಬಾಯಿ ತೆರೆಯುವಷ್ಟರಲ್ಲಿ ನಾನು ಅದೇ ಇಸ್ತ್ರಿ ದನಿಯಲ್ಲಿ, ಧನ್ಯವಾದ, ರಸೀದಿ ಬೇಕಾ, ಅಂದೆ. ಅಷ್ಟೆ. ಅವತ್ತಿನಿಂದ ಅವಳು ಆ ಕಡೆ ನಾವು ಈ ಕಡೆ, ಅಕ್ಕನೊಬ್ಬಳೇ ಆಗಿದ್ದರೆ ಇವಳ ತಾರಸಿಗೆ ಬಂದು ಎಲೆ ಗುಡಿಸಿಕೊಟ್ಟು ಹೋಗುತ್ತಿದ್ದಳು, ಗುಡಿಸುವಾಗ ತಲೆ ಎತ್ತುತ್ತಿದ್ದಳು, ಅವಳು ತಲೆ ಎತ್ತದೆ ಇರುವವಳಲ್ಲ — ನೀರು ಕುಡೀತೀರಾ, ಪಕ್ಕದಿಂದ ಇಸ್ತ್ರಿ ದನಿ, ಬೇಡ ಮೇಡಂ, ಹಗ್ಗ ಬಿಡೋ ಹಾಗಿಲ್ಲ, ಅಂಗೈಗೆ ಈ ಬಟ್ಟೆ ಸುತ್ತಿಕೊಳ್ಳಿ ಹಾಗಾದರೆ, ಅವಳೇ ಸುತ್ತುತ್ತಿದ್ದಾಳೆ, ಬೆರಳಿಗೆ ಬೆರಳು ತಾಗುತ್ತಿದೆ, ಹತ್ತಿರದಿಂದ ನೋಡಿದರೆ ವಯಸ್ಸಾಗಿದೆ ಇವಳಿಗೂ, ಸೋಪಿನ ವಾಸನೆ ಬರುತ್ತಿದೆ, ಬರೀ ಬಟ್ಟೆ ಸೋಪು. ನಿನ್ನೆ ಅಕ್ಕ ಗೇಟಿನ ಹತ್ತಿರ ನಿಂತು ಕೇಳಿದಾಗ, ಮರ ತೆಗೆಸ್ತಿದ್ದೀವಿ, ನಿಮ್ಮ ತಾರಸಿ ಒಂದು ಹೊತ್ತು ಬೇಕಿತ್ತು, ಇವಳು ಅಕ್ಕನ ಮುಖವನ್ನೇ ನೋಡಿ, ಸರಿ, ನಿಮ್ಮಿಷ್ಟ, ಅಂದಳಂತೆ, ಅಕ್ಕ ಒಳಗೆ ಬಂದು ಹೇಳಿದಾಗ ನಾನು, ಮರ ಹೋಗುತ್ತೆ ಅಂದ್ರೆ ತಾರಸಿ ಏನು, ಇಡೀ ಮನೆ ಬಿಟ್ಟುಕೊಟ್ಟಾಳು ಅಂದೆ.

ಮರ ತೆಗೆಸೋಣ ಅಂತ ನಾನು ಯಾವತ್ತೂ ಹೇಳಿಲ್ಲ, ನೇರವಾಗಿ ಹೇಳಿಲ್ಲ, ಅದೇ ತಾನೇ ನನ್ನ ಜಾಣತನ, ಬೇರೆಯವರ ದನಿಯಲ್ಲಿ ಹೇಳಿದೆ. ನಾನು ದನಿ ಕೊಡುತ್ತಿದ್ದ ಸ್ಟುಡಿಯೋ ಮುಚ್ಚಿತು, ಇನ್ನು ಮೇಲೆ ಎಲ್ಲರೂ ಅವರವರ ಮನೆಯಲ್ಲೇ ರೆಕಾರ್ಡ್ ಮಾಡಿ ಕಳಿಸಬೇಕು ಅಂದರು, ಮನೆಯಲ್ಲಿ ಎಲ್ಲಿ, ಬೀರುವಿನೊಳಗೆ ಬಟ್ಟೆಗಳ ನಡುವೆ ಕೂತು ಬಾತುಕೋಳಿಯಾದೆ, ಅಕ್ಕನ ಕೋಟಿಗೆ ಮುಖ ಒತ್ತಿಕೊಂಡು ಕ್ವಾಕ್ ಎಂದೆ, ಮೂರನೆಯ ಸಲಕ್ಕೆ ಉಸಿರು ಕಟ್ಟಿತು, ಹೊರಗೆ ಬಂದು ಕೆಮ್ಮುತ್ತಾ ಎಲೆಲೆಲೇ ಅಂದೆ, ಖಳನಾಯಕನ ದನಿಯಲ್ಲೇ, ಮಾಡುವುದು ಬರೀ ನೆರಳು, ತಿನ್ನುವುದು ಇಡೀ ಅಂಗಳ, ನೀನಿಲ್ಲದಿದ್ದರೆ ಅಲ್ಲೊಂದು ಕೋಣೆ ಕಟ್ಟಬಹುದಿತ್ತಲ್ಲವೇ ದುರುಳ ವೃಕ್ಷವೇ, ತಮಾಷೆಗೆ ಅಂದೆ, ತಮಾಷೆಗೇ ಅಂದೆನಾ, ಅಕ್ಕ ಆಗ ನಗದೆ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ಆ ಭಾನುವಾರ ಕಾರ್ಖಾನೆಯ ಕಂದು ಕಾಗದದ ಸುರುಳಿ ತಂದು ಅಂಗಳದಲ್ಲಿ ಹಾಸಿದಳು, ಕೋಣೆಯ ಅಚ್ಚು ಕತ್ತರಿಸಿದಳು, ಅಂಗಿಯ ಅಚ್ಚು ಕತ್ತರಿಸುವ ಹಾಗೇ, ನೆಲದ ಅಳತೆಗೆ ನೆಲದ ಮೇಲೇ, ಬಾಗಿಲಿಗೆ ಒಂದು ಕಚ್ಚು, ಕಿಟಕಿಗೆ ಒಂದು ಕಚ್ಚು, ನಡುವೆ ಮರದ ಕಾಂಡಕ್ಕೆ ದುಂಡಗೆ ಒಂದು ತೂತು, ಕೊರಳಿಗೆ ಬಿಡುತ್ತಾರಲ್ಲ ಹಾಗೆ, ಆ ತೂತನ್ನು ಕಾಂಡಕ್ಕೆ ತೊಡಿಸಿ ಕಾಗದವನ್ನು ಈ ಕಡೆ ತಿರುಗಿಸಿದಳು, ಆ ಕಡೆ ತಿರುಗಿಸಿದಳು, ಒಂದು ಗೋಡೆ ಬೇರಿನ ಮೇಲೆ ಬರುತ್ತಿತ್ತು, ಇನ್ನೊಂದು ಕಾಂಪೌಂಡು ದಾಟುತ್ತಿತ್ತು, ಇಡೀ ವಾರ ಕಾರ್ಖಾನೆಯಿಂದ ಬಂದವಳೇ ಕಾಗದ ತಿರುಗಿಸುತ್ತಾ, ಒಂದು ಮೂಲೆ ಕತ್ತರಿಸುತ್ತಾ, ಇನ್ನೊಂದು ಕಡೆ ಅಂಟಿಸುತ್ತಾ, ಈ ಕೋಣೆಗೂ ಆ ಮರಕ್ಕೂ ಒಟ್ಟಿಗೆ ಆಗುವ ಅಂಗಿಯೊಂದು ಲೋಕದಲ್ಲಿ ಇದ್ದೇ ಇರಬೇಕು ಅನ್ನುವ ಹಾಗೆ, ನಾನು ಕಿಟಕಿಯಿಂದ ಸಿನಿಮಾ ನೋಡಿದ ಹಾಗೆ ನೋಡಿದೆ, ಕೆಳಗಿಳಿದು ಬಿಡೇ ಅಕ್ಕಾ ಬೇಡ ಅನ್ನಲಿಲ್ಲ. ಒಂದು ಬೆಳಿಗ್ಗೆ ಎದ್ದು ಬಂದರೆ ಕಾಗದ ಅಡುಗೆಮನೆಯ ಮೇಜಿನ ಮೇಲೆ ಮಡಿಸಿಟ್ಟಿತ್ತು, ಬಿಡಿಸಿ ನೋಡಿದೆ, ಆ ದುಂಡು ತೂತಿಗೆ ತೇಪೆ ಹಾಕಿದ್ದಳು, ಒಳಗಿನಿಂದ, ಅಂಚು ಕಾಣದ ಹಾಗೆ. ಏನೇ ಇದು ಅಂದೆ. ಹೂವಂತೂ ಬಿಡಲಿಲ್ಲ ಬಿಡು ಗಿಣಿ, ಬಿಡೋ ಹಾಗಿದ್ದರೆ ಇಷ್ಟು ಹೊತ್ತಿಗೆ ಬಿಡ್ತಿತ್ತು, ನನ್ನ ಕೈಗುಣಾನೇ ಅಷ್ಟು, ನಿನಗೆ ಕೋಣೆ ಬೇಕು, ನನಗೆ ಇದರ ಎಲೆ ಗುಡಿಸಿ ಸೊಂಟ ಹೋಗಿದೆ. ಬೇಡ ಅನ್ನಬಹುದಿತ್ತು, ನನ್ನ ಬಾಯಿಗೆ ಬರದ ದನಿ ಯಾವುದು, ಬೇಡ ಅನ್ನುವ ದನಿಯೊಂದು ಬರಲಿಲ್ಲ, ಟೀ ಮಾಡ್ಲಾ ಅಂದೆ.

ಗರಗಸ ನಿಂತಿತು. ಕಿವಿಯಲ್ಲಿ ಅದರ ಸದ್ದು ಇನ್ನೂ ಇದೆ, ಕೆಳಗೆ ಗರಗಸಪ್ಪ ಎಣ್ಣೆ ಹಾಕಬೇಕು ಐದೇ ನಿಮಿಷ ಅನ್ನುತ್ತಿದ್ದಾನೆ, ಗಾಳಿ ಸ್ವಲ್ಪ ಎದ್ದಿದೆ, ಎಲೆಗಳು ಒಂದಕ್ಕೊಂದು ತಾಗಿ ಕಾಗದದ ಸದ್ದು, ಮತ್ತೆ ಆ ಬಿಳಿ, ಅದೇ ಜಾಗದಲ್ಲಿ, ಹಾಳಾದ ಎಲೆ, ಎಲ್ಲ ಎಲೆಯೂ ಮಗುಚಿ ಮತ್ತೆ ನೇರವಾದರೆ ಇದೊಂದು ಬೆನ್ನು ತೋರಿಸಿಕೊಂಡೇ ಕೂತಿದೆ, ಮತ್ತೆ ವಾಸನೆ, ನಿಂಬೆ ಸಿಪ್ಪೆ, ಅದರ ಹಿಂದೆ ಪೌಡರು, ಗಾಳಿ ಅದನ್ನು ಎತ್ತಿ ಕಾಂಪೌಂಡಿನಾಚೆಗೆ ಸುರಿದಿರಬೇಕು, ಯಾಕೆಂದರೆ ಎಲೆಗಳಡಿಯಿಂದ ಅಕ್ಕನ ದನಿ ಬರುತ್ತಿದೆ, ಅಳು ಅಡಗಿಸಿಕೊಂಡವರು ಜೋರಾಗಿ ನಗುವ ದನಿ, ಏ ಗಿಣೀ, ಮೂಗು ಮುಚ್ಚಿಕೊಳ್ಳೇ, ನಿನ್ನ ಅತ್ತರಮ್ಮ ಇವತ್ತೂ ಬಾಟಲಿ ಬಗ್ಗಿಸ್ಕೊಂಡಿದಾಳೆ, ಪಕ್ಕದಲ್ಲೇ ಇದಾಳೋ ಹ್ಯಾಗೆ — ಅಯ್ಯೋ, ಅಕ್ಕಾ. ಪಕ್ಕದಲ್ಲೇ ಇದ್ದಾಳೆ. ಇವಳು ನನ್ನನ್ನು ನೋಡುತ್ತಿದ್ದಾಳೆ, ನಾನು ಹಗ್ಗ ನೋಡುತ್ತಿದ್ದೇನೆ, ಕಂಬಿ ನೋಡುತ್ತಿದ್ದೇನೆ, ಅತ್ತರಮ್ಮ ಅಂದ್ರೆ ನಾನಾ, ಅಂತ ಕೇಳುತ್ತಿದ್ದಾಳೆ, ಮೆಲ್ಲಗೆ, ಅದೂ ಇಸ್ತ್ರಿ ಮಾಡಿ, ಅದು ಮೇಡಂ, ಸುಮ್ಮನೆ, ತಮಾಷೆಗೆ, ಅಂದೆ, ನೀವು ನನ್ನ ದನಿ ಮಾಡೋದು ಗೊತ್ತು ನನಗೆ, ಗೋಡೆಯಾಚೆ ಕೇಳಿಸುತ್ತೆ, ನಮ್ಮನೆಯವರು ಒಂದು ಸಲ ನಾನೇ ಕೂಗಿದೆ ಅಂದ್ಕೊಂಡು ಎದ್ದು ಬಂದಿದ್ದರು, ಚೆನ್ನಾಗೇ ಮಾಡ್ತೀರಿ, ಆದರೆ ಅತ್ತರು ಯಾಕೆ, ನಾನು ಅತ್ತರು ಹಚ್ಚೋದೇ ಇಲ್ವಲ್ಲ, ನನಗೆ ತಲೆನೋವು ಬರುತ್ತೆ. ಈ ವಾಸನೆ, ಅಂದೆ. ಈ ವಾಸನೆ ನಿಮ್ಮ ಮರದ್ದು, ಅಂದಳು. ಹೂವಿಂದು. ಯಾವ ಹೂ, ಅಂದೆ. ಅವಳು ನನ್ನ ಮುಖ ನೋಡಿದಳು, ನಾನು ಮತ್ತೇನೋ ಆಟ ಆಡುತ್ತಿದ್ದೇನೆ ಅನ್ನುವ ಹಾಗೆ, ಆಮೇಲೆ ಹಾಗಲ್ಲ ಎಂದು ಗೊತ್ತಾದ ಹಾಗೆ, ಕೈ ಎತ್ತಿ ತೋರಿಸಿದಳು, ಆ ಬಿಳಿಯನ್ನೇ, ತುದಿಯ ಕೊಂಬೆಯಲ್ಲಿ ಅಷ್ಟು ಹೊತ್ತಿನಿಂದ ಬೆನ್ನು ತೋರಿಸಿಕೊಂಡು ಕೂತಿದ್ದನ್ನೇ, ಅದು ಬೆನ್ನಲ್ಲ, ಅದು ಮುಖ.

ಹೂ. ದೇವರೇ, ಹೂ. ಎಲೆಗಳ ನಡುವೆ ತಟ್ಟೆಯಗಲ, ದಪ್ಪ ದಪ್ಪ ದಳ, ಮೇಣದ ಬಿಳಿ, ಒಳಗೆ ದಳದ ಬುಡದಲ್ಲಿ ಕೆನ್ನೀಲಿ ಕಲೆ, ನೋಡಿದ್ದೆ, ಇಲ್ಲಿಗೆ ಬಂದು ಹಗ್ಗ ಹಿಡಿದ ಕೂಡಲೇ ನೋಡಿದ್ದೆ, ಗರಗಸ ಇನ್ನೂ ತೊಗಟೆಯಲ್ಲಿದ್ದಾಗ, ನೋಡಿ ಎಲೆ ಎಂದುಕೊಂಡೆ, ಪಕ್ಕದಲ್ಲಿ ಅವಳು, ಮೂರು ವರ್ಷದಿಂದ ಬಿಡ್ತಿದೆಯಲ್ಲ, ಈ ಕಡೆಗೇ ಬಿಸಿಲು, ಈ ಕಡೆಗೇ ತಲೆ ಚಾಚಿದೆ, ನಮ್ಮ ತಾರಸಿಗೇ ಉದುರಿಸುತ್ತೆ, ಚಪ್ಪಲಿಯ ಅಟ್ಟೆ ಹಾಗೆ ಕಂದು ದಳ, ನಾನೇ ಗುಡಿಸ್ತೀನಿ, ಈ ಸಲ ಯಾಕೋ ಒಂದೇ, ಅವಳು ಹೇಳುತ್ತಲೇ ಇದ್ದಾಳೆ, ಇಷ್ಟು ಹೂ ಬಿಟ್ಟರೂ ಒಂದನ್ನೂ ನಮಗೆ ಕೊಡಲಿಲ್ಲ, ಇಬ್ಬರೂ ಜಿಪುಣಿಯರು ಅಂತ ನಾವೂ ಆಡಿಕೊಂಡಿದ್ದೀವಿ ಬಿಡಿ, ನಿನ್ನೆ ನಿಮ್ಮಕ್ಕ ಬಂದು ಕೇಳಿದಾಗ, ಹೂ ಬಿಟ್ಟಿರೋ ಮರ ಕಡಿಸ್ತಿದ್ದಾರಲ್ಲ, ಎಂಥ ಕಲ್ಲು ಮನಸ್ಸು ಅನ್ನಿಸ್ತು, ನಿಮ್ಮ ಮರ, ನಾನ್ಯಾಕೆ ಬಾಯಿ ಹಾಕಲಿ ಅಂತ. ನಿಮಗೆ ಗೊತ್ತೇ ಇರಲಿಲ್ವಾ. ಇರಲಿಲ್ಲ, ಕೆಳಗಿನಿಂದ ನೋಡಿದರೆ ಬರೀ ಎಲೆ, ಬಿಳಿಯ ಮುಂದೆ ಬಿಳಿ, ಮತ್ತೆ ವಾಸನೆ ಬಂದಾಗಲೆಲ್ಲ ಅಕ್ಕ ಮೂಗು ಏರಿಸಿ, ಎಲ್ಲಿಂದಲೇ ಇದು, ಅಂತ ಕೇಳಿದ್ದಳು, ಮೊದಲ ವರ್ಷ ಕೇಳಿದ್ದಳು, ಹೌದು, ನಮ್ಮ ಮರದ್ದೇನೋ ನೋಡೇ ಅಂತ ಕೂಡ ಅಂದಿದ್ದಳು, ನಾನೇ, ನಿನ್ನ ಮರಕ್ಕೆ ಬೆವರೂ ಬರಲ್ಲ ಬಿಡು, ಇದು ಬಾಟಲಿ ವಾಸನೆ, ಅಂದೆ, ಅವಳು ನಕ್ಕಳು, ನಕ್ಕು ನಂಬಿದಳು, ನನ್ನ ತಮಾಷೆಗಳನ್ನೆಲ್ಲ ಅವಳು ನಂಬುತ್ತಾಳೆ ಅಂತ ನನಗೆ ಯಾವತ್ತೂ ಹೊಳೆದಿರಲಿಲ್ಲ. ನಿಲ್ಲಿಸಿ ಅಂತ ಕೂಗಬೇಕು, ಕೂಗಿದೆ, ಏನಪ್ಪಾ, ಏನಪ್ಪಾ ಗರಗಸ— ಅಲ್ಲ, ಅಣ್ಣಾ, ಈಗ ಬಿಟ್ಟುಬಿಟ್ಟರೆ, ಇಷ್ಟಕ್ಕೇ ಬಿಟ್ಟರೆ ನಿಲ್ಲುತ್ತಾ ಮರ, ಅವನು ನಗುತ್ತಿದ್ದಾನೆ, ನಿಲ್ಲೋದಾ ಮೇಡಂ, ಈಗ ಅದು ನಿಂತಿರೋದು ತೊಗಟೆ ಮೇಲೆ, ಜೋರಾಗಿ ಸೀನಬೇಡಿ ಅಷ್ಟೇ. ತಮಾಷೆ ಮಾಡುತ್ತಿದ್ದಾನೆ ನನ್ನ ಹತ್ತಿರ, ಇವತ್ತು ಇವನು. ಯಾಕೇ, ಏನಾಯ್ತೇ, ಅಕ್ಕ ಕೇಳುತ್ತಿದ್ದಾಳೆ, ಎಲೆಗಳ ಕೆಳಗಿನಿಂದ, ಏನಿಲ್ಲ ಅಕ್ಕಾ, ಸುಮ್ಮನೆ ಕೇಳಿದೆ, ಆಮೇಲೆ ಅವಳ ದನಿ ಬೇರೆಯಾಗಿ ಬಂತು, ಗಿಣೀ, ನೀನು ಮೇಲಿದ್ದೀಯಲ್ಲ, ಒಂದು ಸಲ ಚೆನ್ನಾಗಿ ನೋಡಿಬಿಡೇ, ಮೊಗ್ಗು ಗಿಗ್ಗು ಏನಾದರೂ ಇದೆಯಾ ಅಂತ, ಇರಲ್ಲ, ಗೊತ್ತು, ಆದರೂ ನೋಡು, ಆಮೇಲೆ ಮನಸ್ಸಿಗೆ ಅನ್ನಿಸಬಾರದು.

ಯಾವ ದನಿಯಲ್ಲಿ ಹೇಳಲಿ, ಎಷ್ಟು ದನಿ ಇವೆ ನನ್ನ ಗಂಟಲಲ್ಲಿ, ಬಾತುಕೋಳಿ, ಅಜ್ಜಿ, ನರ್ಸರಿಯವನು, ಬಾಗಿಲು ಮುಚ್ಚುತ್ತಿದೆ, ಹೇಳಿದರೆ ಅವಳು ಉಳಿದ ಬದುಕೆಲ್ಲ ಹೂ ಬಿಟ್ಟ ಮರ ಕಡಿಸಿದವಳು, ಹೇಳದಿದ್ದರೆ ಹೂ ಬಿಡದ ಮರ ಬೆಳೆಸಿದವಳು, ಎರಡರಲ್ಲಿ ಯಾವುದು ಕಡಿಮೆ ನೋವು, ಯಾರಿಗೆ ಕಡಿಮೆ, ಅವಳಿಗಾ ನನಗಾ, ಏನಿಲ್ಲ ಅಕ್ಕಾ, ಬರೀ ಎಲೆ, ಅಂದೆ, ನನ್ನದೇ ದನಿಯಲ್ಲಿ, ಅದು ಇಷ್ಟು ತೆಳ್ಳಗಿದೆ ಅಂತ ಗೊತ್ತಿರಲಿಲ್ಲ, ಕೆಳಗೆ ಅವಳು ನಂಬಿಲ್ಲ, ಅಥವಾ ನಂಬುವುದಕ್ಕೆ ಹೊತ್ತು ಬೇಕು, ಸರಿಯಾಗಿ ನೋಡಿದೆಯೇನೇ ಅನ್ನುತ್ತಿದ್ದಾಳೆ, ಆಗ ನನ್ನ ಪಕ್ಕದಲ್ಲಿ, ಎಲೆನೇ ಅಮ್ಮಾ, ನಾನೂ ನೋಡ್ದೆ, ಬರೀ ಎಲೆ, ಈಕೆ, ಈ ಮೆಲುದನಿಯ ಹೆಂಗಸು, ಕಂಬಿಯ ಮೇಲೆ ಬಗ್ಗಿ ಕೂಗುತ್ತಿದ್ದಾಳೆ, ನನಗೋಸ್ಕರ, ಅಕ್ಕನಿಗೋಸ್ಕರ, ಕೂಗಿ ನನ್ನತ್ತ ನೋಡದೆ ಹಗ್ಗವನ್ನು ತನ್ನ ಕೈಗೆ ತೆಗೆದುಕೊಳ್ಳುತ್ತಿದ್ದಾಳೆ, ಬೇಗ, ಅಂತ ಕಣ್ಣಲ್ಲೇ, ಬಿದ್ದ ಮೇಲೆ ಕಾಣುತ್ತೆ ಅವರಿಗೆ, ಹೌದು, ಬಿದ್ದ ಮೇಲೆ ಅಂಗಳದಲ್ಲಿ ಎಲ್ಲ ಎಲೆಗಳ ನಡುವೆ ಅದೊಂದೇ, ನಾನು ಕಂಬಿಗೆ ಹೊಟ್ಟೆ ಒತ್ತಿ ಕೊಂಬೆಯನ್ನು ಎಳೆಯುತ್ತೇನೆ, ಅದು ಬಗ್ಗುತ್ತದೆ, ಎಷ್ಟು ಸುಲಭವಾಗಿ ಬಗ್ಗುತ್ತದೆ, ತೊಟ್ಟು ದಪ್ಪ, ತಿರುಚಬೇಕು, ಮೆತ್ತಗೆ ಮುರಿಯುತ್ತದೆ, ಎರಡು ಕೈಯಲ್ಲಿ ಹಿಡಿದರೂ ಕೈ ತುಂಬಿ ಹೊರಗೆ ಬರುತ್ತದೆ, ಭಾರವಾಗಿದೆ, ತಣ್ಣಗಿದೆ, ಕೆಳಗೆ ಗರಗಸ ಶುರುವಾಗಿದೆ, ನನ್ನ ಹೆಗಲ ಮೇಲಿನ ಶಾಲಿನಡಿ ಇಟ್ಟುಕೊಂಡರೆ ಇದು ಅಡಗುವುದಿಲ್ಲ, ತಟ್ಟೆಯನ್ನು ಯಾರು ಶಾಲಿನಲ್ಲಿ ಅಡಗಿಸುತ್ತಾರೆ, ಬೆರಳು ಒತ್ತಿದ ಕಡೆ ಬಿಳಿಯೊಳಗಿಂದ ಏನೋ ಏಳುತ್ತಿದೆ, ಕಂದು, ತೆಳು ಕಂದು, ಹೆಬ್ಬೆರಳಿನ ಗುರುತು, ತೋರುಬೆರಳಿನ ಗುರುತು, ಬಿಡಿ ಮೇಡಂ, ಬಿಡೀ, ಅವನ ಕೂಗು, ಪಕ್ಕದಲ್ಲಿ ಹಗ್ಗ ಕಂಬಿಯಿಂದ ಬಿಚ್ಚಿಕೊಂಡು ಸರ್ರನೆ ಓಡಿತು, ಒಂದು ಕ್ಷಣ ಎಲ್ಲ ಎಲೆಗಳೂ ಒಟ್ಟಿಗೆ ಮಗುಚಿ ಇಡೀ ಮರ ಬಿಳಿಯಾಯಿತು, ಆಮೇಲೆ ಅದು ಇರಲಿಲ್ಲ, ಸದ್ದು ಆಮೇಲೆ ಬಂತು, ಧೂಳು ಆಮೇಲೆ, ಬೆಳಕು, ನಮ್ಮ ಅಂಗಳದಲ್ಲಿ ಇಷ್ಟು ಬೆಳಕು ನಾನು ನೋಡಿಯೇ ಇಲ್ಲ, ಬಾವಿಯ ಮುಚ್ಚಳ ತೆಗೆದ ಹಾಗೆ, ಅಡುಗೆಮನೆಯ ಮೆಟ್ಟಿಲು ಕಾಣುತ್ತಿದೆ, ಬಕೆಟ್ಟು ಕಾಣುತ್ತಿದೆ, ಅಕ್ಕನ ಚಪ್ಪಲಿ, ಅಕ್ಕ, ಅವಳು ಬಿದ್ದ ಮರವನ್ನು ನೋಡುತ್ತಿಲ್ಲ, ಇಷ್ಟು ವರ್ಷದ ಅಭ್ಯಾಸ, ಮರ ಇದ್ದ ಕಡೆಗೇ ತಲೆ ಎತ್ತಿದ್ದಾಳೆ, ಅಲ್ಲಿ ಈಗ ಏನೂ ಇಲ್ಲ, ಅಲ್ಲಿ ಈಗ ನಾನಿದ್ದೇನೆ, ಅವಳಿಗೂ ನನಗೂ ನಡುವೆ ಒಂದೇ ಒಂದು ಎಲೆ ಇಲ್ಲ, ಶಾಲು, ಶಾಲಿನ ಅಂಚಿನಿಂದ ಹೊರಗೆ ಬಿಳಿ, ಎಲೆ ಕಣೇ ಅಕ್ಕಾ, ಎಲೆಯ ಬೆನ್ನು, ಅನ್ನಬೇಕು, ಅನ್ನು, ಬಿಸಿಲು ಅವಳ ಕಣ್ಣಿಗೆ ಹೊಡೆಯುತ್ತಿದೆ, ಅವಳು ಕೈ ಎತ್ತುತ್ತಿದ್ದಾಳೆ, ಕತ್ತು ಹಿಂದಕ್ಕೆ ಚೆಲ್ಲಿ, ಬಾಯಿ ಸ್ವಲ್ಪ ತೆರೆದು, ಹುಬ್ಬಿನ ಮೇಲೆ ಅಂಗೈ, ನನ್ನನ್ನೇ, ಹುಬ್ಬಿನ ಮೇಲೆ ಅಂಗೈ, ಹುಬ್ಬಿನ ಮೇಲೆ